ಬಾಲದ ಚುಕ್ಕಾಣಿ: ವಿಮಾನದ ರಡ್ಡರ್ ಕೆಲಸ ಮಾಡುವುದು ಹೀಗೆ

ಚುನಾವಣೆ ಮುಗಿದ ಮರುದಿನ ‘ರಾಜ್ಯದ ಚುಕ್ಕಾಣಿ ಯಾರಿಗೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಚುಕ್ಕಾಣಿ ಹಿಡಿದವರೇ ದಾರಿ ತಿರುಗಿಸುವವರು ಎಂಬುದು ದೋಣಿಯಿಂದ ಬಂದ ತಿಳಿವಳಿಕೆ. ಅದನ್ನೇ ವಿಮಾನಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ವಿಮಾನ ತಿರುಗುವುದು ಸೈಕಲ್ಲಿನ ಹಾಗೆ, ಒಂದು ಪಕ್ಕಕ್ಕೆ ವಾಲಿ. ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯ ಹಿಂಬದಿಗೆ ಬಾಗಿಲಿನಂತೆ ಕೂಡಿಸಿರುವ ರಡ್ಡರ್‌ಗೆ ಬೇರೆಯೇ ಕೆಲಸವಿದೆ: ಮೂತಿಯನ್ನು ಎದುರಿನ ಗಾಳಿಗೆ ನೇರವಾಗಿ ಇಡುವುದು. ಮೂತಿ ಎಡಕ್ಕೋ ಬಲಕ್ಕೋ ಹೊರಳುವುದನ್ನು ಪೈಲಟ್‌ಗಳು ‘ಯಾ’ ಎನ್ನುತ್ತಾರೆ.

ಇಲ್ಲಿ ಏರ್‌ಬಸ್ ಎ320 ವಿಮಾನವನ್ನೇ ಇಟ್ಟುಕೊಂಡು ನೋಡೋಣ. ಬೆಂಗಳೂರಿನಿಂದ ದೇಶದೊಳಗೆ ಓಡಾಡುವವರು ಬಹಳ ಸಲ ಕೂರುವುದು ಇದೇ ಕುಟುಂಬದ ವಿಮಾನದಲ್ಲಿ. 1987ರ ಫೆಬ್ರುವರಿ 22ರಂದು ಮೊದಲು ಹಾರಿದ ಇದು, ಪ್ರಯಾಣಿಕ ವಿಮಾನಗಳಿಗೆ ಡಿಜಿಟಲ್ ಫ್ಲೈ-ಬೈ-ವೈರ್ ತಂದಿತು. ಅಂದರೆ ಪೈಲಟ್‌ನ ಕೈ ನೇರವಾಗಿ ರೆಕ್ಕೆಯ ಭಾಗಗಳನ್ನು ಎಳೆಯುವುದಿಲ್ಲ. ಕೈಯ ಬಯಕೆ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರ್ ಲೆಕ್ಕ ಹಾಕಿ ಹೈಡ್ರಾಲಿಕ್ ಯಂತ್ರಗಳಿಗೆ, ಅಂದರೆ ದ್ರವದ ಒತ್ತಡದಿಂದ ನಡೆಯುವ ಯಂತ್ರಗಳಿಗೆ, ಅಪ್ಪಣೆ ಕೊಡುತ್ತದೆ.

ಹೆಜ್ಜೆ 1: ಕಾಗದದಲ್ಲಿ ಮಾಡಿ ನೋಡಿ

ಒಂದು ಕಾಗದದ ವಿಮಾನ ಮಡಚಿ. ಕೆಳಗೆ ಬೆರಳಲ್ಲಿ ಹಿಡಿಯುವ ಮಡಿಕೆ ಇದೆಯಲ್ಲ, ಅದರ ಹಿಂದಿನ ತುದಿಯನ್ನು ಮಾತ್ರ ಸ್ವಲ್ಪ ಎಡಕ್ಕೆ ಬಾಗಿಸಿ ಬಿಡಿ. ಬಾಗಿದ ತುದಿಗೆ ಬಡಿದ ಗಾಳಿ ಬಾಲವನ್ನು ಬಲಕ್ಕೆ ನೂಕುತ್ತದೆ, ಮೂತಿ ಎಡಕ್ಕೆ ಹೊರಳುತ್ತದೆ. ರಡ್ಡರ್ ಆಡಿಸಲು ಪೈಲಟ್‌ನ ಪಾದದ ಬಳಿ ಎರಡು ಪೆಡಲ್‌ಗಳಿವೆ. ಎಡ ಪೆಡಲ್ ಒತ್ತಿದಾಗ ನಡೆಯುವುದು ಇಷ್ಟೇ.

ಹೆಜ್ಜೆ 2: ಪಾದದಿಂದ ಬಾಲದವರೆಗೆ ಹೋಗಿ

ಇಲ್ಲಿ ಒಂದು ವಿಶೇಷವಿದೆ. ಬಹುತೇಕ ಎಲ್ಲವೂ ವಿದ್ಯುತ್ ತಂತಿಯ ಮೇಲೆ ನಡೆಯುವ ಈ ವಿಮಾನದಲ್ಲಿ, ರಡ್ಡರ್ ಪೆಡಲ್‌ಗೆ ಹಳೆಯ ಕಾಲದ ಕೇಬಲ್ಲನ್ನೇ ಉಳಿಸಿಕೊಂಡರು. ಕೇಬಲ್ ಬಾಲದವರೆಗೆ ಹೋಗಿ, ಅಲ್ಲಿನ ಮೂರು ಹೈಡ್ರಾಲಿಕ್ ಯಂತ್ರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಮೂರಕ್ಕೂ ಬೇರೆ ಬೇರೆ ಹೈಡ್ರಾಲಿಕ್ ವ್ಯವಸ್ಥೆ: ಹಸಿರು, ನೀಲಿ, ಹಳದಿ. ಒಂದು ಹೋದರೆ ಉಳಿದವು ಇವೆ. ಕಂಪ್ಯೂಟರ್‌ಗಳೆಲ್ಲ ಒಮ್ಮೆಗೇ ಸುಮ್ಮನಾದರೂ, ಅವು ಮರಳಿ ಬರುವವರೆಗೆ ಈ ಪೆಡಲ್ ಮತ್ತು ಬಾಲದ ಅಡ್ಡರೆಕ್ಕೆಯನ್ನು ಆಡಿಸುವ ಟ್ರಿಮ್ ಚಕ್ರ, ಎರಡರಿಂದಲೇ ವಿಮಾನವನ್ನು ಸಂಭಾಳಿಸಬಹುದು. ಈಗ ಕಾಲ ಬದಲಾಗಿದೆ. ಬೋಯಿಂಗ್ 777, ಏರ್‌ಬಸ್ ಎ380, ಎ320 ಕುಟುಂಬದ್ದೇ ಆದ ಎ321ಎಕ್ಸ್‌ಎಲ್‌ಆರ್‌ಗಳಲ್ಲಿ ಪೆಡಲ್‌ನ ಸುದ್ದಿಯೂ ವಿದ್ಯುತ್ ಸಂಕೇತವಾಗಿಯೇ ಸಾಗುತ್ತದೆ.

ಹೆಜ್ಜೆ 3: ಯಾರೂ ಒತ್ತದಿದ್ದರೂ ರಡ್ಡರ್ ಏಕೆ ಅಲ್ಲಾಡುತ್ತದೆ, ಗಮನಿಸಿ

ಹಾರಾಟದ ಬಹುಪಾಲು ಹೊತ್ತು ಪೈಲಟ್‌ನ ಪಾದಕ್ಕೆ ಕೆಲಸವೇ ಇರುವುದಿಲ್ಲ. ಆದರೂ ಬಾಲದಲ್ಲಿ ರಡ್ಡರ್ ಒಂದೇ ಸಮನೆ ಚೂರು ಚೂರು ಆಡುತ್ತಿರುತ್ತದೆ. ಆಡಿಸುವುದು ಕಂಪ್ಯೂಟರ್.

ಜೆಟ್ ವಿಮಾನದ ರೆಕ್ಕೆಗಳು ಹಿಂದಕ್ಕೆ ಬಾಗಿವೆ. ಮೂತಿ ಬಲಕ್ಕೆ ಹೊರಳಿತು ಎನ್ನಿ. ಎಡರೆಕ್ಕೆ ಗಾಳಿಗೆ ಹೆಚ್ಚು ನೇರವಾಗಿ ಎದುರಾಗಿ ಮೇಲೇಳುತ್ತದೆ, ವಿಮಾನ ಬಲಕ್ಕೆ ವಾಲುತ್ತದೆ. ಅದೇ ಎಡರೆಕ್ಕೆಗೆ ಗಾಳಿಯ ತಡೆಯೂ ಹೆಚ್ಚಾಗಿ ಮೂತಿಯನ್ನು ವಾಪಸ್ ಎಳೆಯುತ್ತದೆ. ಮೂತಿ ನೇರಕ್ಕೆ ಬಂದು ನಿಲ್ಲುವುದಿಲ್ಲ, ದಾಟಿ ಎಡಕ್ಕೆ ಹೋಗುತ್ತದೆ. ಮತ್ತೆ ಅದೇ ಆಟ ಆ ಕಡೆಯಿಂದ. ‘ಡಚ್ ರೋಲ್’ ಎಂಬ ಈ ತೂಗಾಟ ಹಿಂದಿನ ಸೀಟಿನವರ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಇದನ್ನು ತಡೆಯುವುದು ‘ಯಾ ಡ್ಯಾಂಪರ್’. ಮೂತಿ ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ಅಳೆದು, ರಡ್ಡರನ್ನು ಎದುರು ದಿಕ್ಕಿಗೆ ಅಷ್ಟೇ ಹದವಾಗಿ ನೂಕಿ, ತೂಗಾಟವನ್ನು ಮೊಳಕೆಯಲ್ಲೇ ಅಡಗಿಸುತ್ತದೆ. ಎ320ರಲ್ಲಿ ಆಗ ಪೆಡಲ್ ಕದಲುವುದೂ ಇಲ್ಲ.

ತಿರುವಿನಲ್ಲೂ ಇದೇ ಕಂಪ್ಯೂಟರ್‌ಗಳ ಕೈ ಇದೆ. ಎಡಕ್ಕೆ ವಾಲಿಸಲು ಬಲರೆಕ್ಕೆಯನ್ನು ಎತ್ತಬೇಕು. ಎತ್ತಿದ ರೆಕ್ಕೆಗೆ ಗಾಳಿಯ ತಡೆ ಹೆಚ್ಚು, ಹಾಗಾಗಿ ಮೂತಿ ಬೇಡದ ಬಲಕ್ಕೆ ಜಗ್ಗುತ್ತದೆ. ಸಣ್ಣ ತರಬೇತಿ ವಿಮಾನ ಹಾರಿಸುವವರು ಇದನ್ನು ಕಾಲಿನಿಂದ ಸರಿಮಾಡಲು ವಾರಗಟ್ಟಲೆ ಕಲಿಯುತ್ತಾರೆ. ಎ320ರಲ್ಲಿ ಪೈಲಟ್ ಪಕ್ಕದಲ್ಲಿರುವ ಸೈಡ್‌ಸ್ಟಿಕ್ ಎಂಬ ಹಿಡಿಕೆಯನ್ನು ಓರೆ ಮಾಡಿದರೆ ಸಾಕು, ಬೇಕಾದಷ್ಟು ರಡ್ಡರ್ ತಾನಾಗಿ ಸೇರಿಕೊಳ್ಳುತ್ತದೆ.

ಹೆಜ್ಜೆ 4: ಒಂದು ಎಂಜಿನ್ ನಿಂತಿತು ಎಂದುಕೊಳ್ಳಿ

ನೆಲ ಬಿಟ್ಟ ಕೂಡಲೇ ಬಲ ಎಂಜಿನ್ ನಿಂತರೆ, ಎಡ ಎಂಜಿನ್ ಒಂದೇ ತಳ್ಳುತ್ತ ಮೂತಿಯನ್ನು ಬಲಕ್ಕೆ ತಿರುಗಿಸುತ್ತದೆ. ರಡ್ಡರ್ ಅಷ್ಟು ದೊಡ್ಡದಿರುವುದು ಮುಖ್ಯವಾಗಿ ಈ ಗಳಿಗೆಗಾಗಿ. ಎ320ರ ಕಂಪ್ಯೂಟರ್ ವಿಮಾನವನ್ನು ತಕ್ಷಣಕ್ಕೆ ಹಿಡಿದು ನಿಲ್ಲಿಸಿ ಪೈಲಟ್‌ಗೆ ಸ್ವಲ್ಪ ಸಮಯ ದೊರಕಿಸುತ್ತದೆ. ಆಮೇಲಿನದು ಕಾಲಿನ ಕೆಲಸ. ಪರದೆಯ ಮೇಲೆ ಒಂದು ಗುರುತು ನೀಲಿಯಾಗುತ್ತದೆ. ಅದು ನಡುವಿಗೆ ಬರುವವರೆಗೆ ಎಡ ಪೆಡಲ್ ಒತ್ತಿ, ನಂತರ ರಡ್ಡರನ್ನು ಆ ಸ್ಥಾನದಲ್ಲೇ ಹಿಡಿದಿಡುವ ರಡ್ಡರ್ ಟ್ರಿಮ್ ಗುಂಡಿ ತಿರುಗಿಸಿ ಕಾಲಿಗೆ ಬಿಡುವು ಕೊಡುತ್ತಾರೆ.

ಬೋಯಿಂಗ್ 777ರ ದಾರಿ ಬೇರೆ. ಎರಡು ಎಂಜಿನ್‌ಗಳ ಬಲದಲ್ಲಿ ವ್ಯತ್ಯಾಸ ಕಂಡೊಡನೆ ಕಂಪ್ಯೂಟರೇ ರಡ್ಡರ್ ತಿರುಗಿಸುತ್ತದೆ, ಜೊತೆಗೆ ಪೆಡಲನ್ನೂ ಸರಿಸುತ್ತದೆ. ತಾನು ಏನು ಮಾಡುತ್ತಿದ್ದೇನೆ ಎಂದು ಪೈಲಟ್‌ನ ಪಾದಕ್ಕೆ ತಿಳಿಸುವ ಈ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ.

ಹೆಜ್ಜೆ 5: ಎಲ್ಲಿ ತಡೆಯಬೇಕು ಎಂಬುದನ್ನು ತಿಳಿಯಿರಿ

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ವೇಗ ಎರಡು ಪಟ್ಟಾದರೆ ಗಾಳಿಯ ಹೊಡೆತ ನಾಲ್ಕು ಪಟ್ಟು. ರನ್‌ವೇ ಮೇಲೆ ಜೀವ ಉಳಿಸುವ ರಡ್ಡರ್ ವೇಗ ಹೆಚ್ಚಿದಾಗ ಬಾಲವನ್ನೇ ಮುರಿಯಬಲ್ಲದು. ಆದ್ದರಿಂದ ಎ320ರಲ್ಲಿ ವೇಗ 160 ನಾಟ್, ಅಂದರೆ ಗಂಟೆಗೆ 296 ಕಿ.ಮೀ. ಮೀರುವವರೆಗೆ ರಡ್ಡರ್ ಸುಮಾರು 25 ಡಿಗ್ರಿ ತಿರುಗಬಹುದು. ಅಲ್ಲಿಂದ ಮುಂದೆ ಕಂಪ್ಯೂಟರ್ ಲಗಾಮು ಬಿಗಿಯುತ್ತ ಹೋಗಿ, 380 ನಾಟ್ ಹೊತ್ತಿಗೆ ಮೂರು-ನಾಲ್ಕು ಡಿಗ್ರಿಗೆ ತಂದು ನಿಲ್ಲಿಸುತ್ತದೆ.

ಆದರೆ ಲಗಾಮು ಇದ್ದ ಮಾತ್ರಕ್ಕೆ ಸಾಲದು. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 587, ಮುಂದೆ ಹೋದ ಜಂಬೋ ಜೆಟ್ ಬಿಟ್ಟ ಗಾಳಿಯ ಸುಳಿಗೆ ಸಿಕ್ಕಿತು. ಸಹಪೈಲಟ್ ಪೆಡಲನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜೋರಾಗಿ ಒತ್ತಿದರು. ಬಾಲದ ರೆಕ್ಕೆ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಮಂದಿ, ನೆಲದ ಮೇಲಿದ್ದ 5 ಮಂದಿ ತೀರಿಕೊಂಡರು. ಅದು ಏರ್‌ಬಸ್ ಎ300-600, ಫ್ಲೈ-ಬೈ-ವೈರ್ ವಿಮಾನವಲ್ಲ. ರಡ್ಡರ್ ಮಿತಿಯ ವ್ಯವಸ್ಥೆ ಮಾತ್ರ ಅದರಲ್ಲೂ ಇತ್ತು. ಮಿತಿ ತಡೆಯುವುದು ರಡ್ಡರ್ ಎಷ್ಟು ದೂರ ಹೋಗಬೇಕು ಎಂಬುದನ್ನು. ಬಾಲ ಒಂದು ಕಡೆಗೆ ಬೀಸಿರುವಾಗಲೇ ರಡ್ಡರನ್ನು ಎದುರು ಕಡೆಗೆ ತಿರುಗಿಸಿದರೆ ಎರಡೂ ಹೊಡೆತ ಒಂದರ ಮೇಲೊಂದು ಕೂಡುತ್ತವೆ. ಒಂದು ನಿಗದಿತ ವೇಗದ ಒಳಗಿದ್ದರೆ ಪೆಡಲನ್ನು ಹೇಗೆ ಒತ್ತಿದರೂ ವಿಮಾನ ತಾಳಿಕೊಳ್ಳುತ್ತದೆ ಎಂದು ಅಂದಿನ ಬಹಳಷ್ಟು ಪೈಲಟ್‌ಗಳು ನಂಬಿದ್ದರು. ಆ ನಂಬಿಕೆ ತಪ್ಪೆಂದು ತನಿಖೆ ತೋರಿಸಿತು.

ಕೊನೆಯದಾಗಿ: ಕಣ್ಣಾರೆ ನೋಡಿ

ಮುಂದಿನ ಸಲ ನಿಲ್ದಾಣದ ಗಾಜಿನ ಬಳಿ ಕೂತಾಗ, ರನ್‌ವೇ ಕಡೆ ಉರುಳುತ್ತಿರುವ ವಿಮಾನದ ಬಾಲದ ಮೇಲೆ ಕಣ್ಣಿಡಿ. ಪೆಡಲ್‌ಗೆ ಮೂತಿಯ ಚಕ್ರವೂ ಜೋಡಿಸಿರುವುದರಿಂದ, ಪೈಲಟ್ ಒಂದು ಗುಂಡಿ ಒತ್ತಿ ಆ ಜೋಡಣೆಯನ್ನು ಬಿಡಿಸಿಕೊಂಡು, ಪೆಡಲನ್ನು ಕೊನೆಯವರೆಗೂ ತುಳಿದು ಪರೀಕ್ಷಿಸುತ್ತಾರೆ. ರಡ್ಡರ್ ಪೂರ್ತಿ ಎಡಕ್ಕೆ ಹೋಗಿ, ಪೂರ್ತಿ ಬಲಕ್ಕೆ ಬಂದು, ನಡುವೆ ನಿಲ್ಲುತ್ತದೆ. ಎಲ್ಲವೂ ನೆಟ್ಟಗೆ ನಡೆದರೆ, ಆ ಹಾರಾಟದಲ್ಲಿ ಅದು ಅಷ್ಟು ದೂರ ತಿರುಗುವುದು ಅದೊಂದೇ ಸಲ.