ಬೇರ್‌ಫುಟ್ ಶೂ ಹಾಕಿ ಓಡುವ ಮುನ್ನ

ಬೇರ್‌ಫುಟ್ ಶೂ ಅಂದರೆ ಬರಿಗಾಲಲ್ಲಿ ಇದ್ದಂತೆ ಅನಿಸುವ, ತೆಳು ಚಪ್ಪಟೆ ಸೋಲಿನ ಶೂ. ಅದು ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಇನ್‌ಸೋಲ್ (ಒಳಗಿನ ಮೆತ್ತನೆ ಹಾಸು) ಹೊರಗೆ ತೆಗೆಯುವುದು. ಅದನ್ನು ನೆಲದ ಮೇಲಿಟ್ಟು, ಅದರ ಮೇಲೆ ಬರಿಗಾಲಲ್ಲಿ ಪೂರ್ತಿ ಭಾರ ಹಾಕಿ ನಿಲ್ಲಿ. ಕಿರುಬೆರಳು ಅಂಚು ದಾಟಿತಾ? ಆ ಶೂ ಬೇಡ, ಬಣ್ಣ ಎಷ್ಟೇ ಚೆನ್ನಾಗಿರಲಿ. ಇದನ್ನು ಸಂಜೆ ನೋಡಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ.

ಆಮೇಲೆ ಶೂವನ್ನು ಮುಂದಿನಿಂದ ಸುತ್ತಿ ನೋಡಿ. ಚಾಪೆಯ ಹಾಗೆ ಸುರುಳಿಯಾಗಬೇಕು. ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸವೇ ಡ್ರಾಪ್. ಮಾಮೂಲಿ ರನ್ನಿಂಗ್ ಶೂಗಳಲ್ಲಿ ಅದು ಹೆಚ್ಚಾಗಿ 8ರಿಂದ 12 ಮಿ.ಮೀ., ಇಲ್ಲಿ ಸೊನ್ನೆ. ಆದರೆ ಝೀರೋ ಡ್ರಾಪ್ ಅಂದ ಮಾತ್ರಕ್ಕೆ ಬೇರ್‌ಫುಟ್ ಅಲ್ಲ. ಆಲ್ಟ್ರಾ ಕಂಪನಿಯ ಎಷ್ಟೋ ಶೂಗಳು ಝೀರೋ ಡ್ರಾಪೇ, ಸೋಲ್ ಮಾತ್ರ ದಪ್ಪ.

ಶೂ ಆರಿಸುವುದು ಇಷ್ಟೇ. ಕಷ್ಟ ಇರುವುದು ಕಾಲನ್ನು ಒಗ್ಗಿಸುವುದರಲ್ಲಿ. ಹಿಮ್ಮಡಿಯ ಎತ್ತರ ಹೋದ ಮೇಲೆ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲೀಸ್ ಟೆಂಡನ್ ಜಾಸ್ತಿ ಎಳೆತ ತಾಳಬೇಕು. ಮೀನಖಂಡ ನೋವಿನಲ್ಲೇ ಎಚ್ಚರಿಸುತ್ತದೆ. ಮೂಳೆ ಹಾಗಲ್ಲ, ಸುಮ್ನೆ ಇದ್ದು ಕೊನೆಗೆ ಕೈಕೊಡುತ್ತದೆ. 2013ರ ಒಂದು ಅಧ್ಯಯನದಲ್ಲಿ 10 ವಾರ ಫೈವ್‌ಫಿಂಗರ್ಸ್‌ಗೆ (ಒಂದೊಂದು ಬೆರಳಿಗೂ ಬೇರೆ ಜಾಗವಿರುವ ಬೇರ್‌ಫುಟ್ ಶೂ) ಒಗ್ಗಲು ಹೊರಟ 19 ಓಟಗಾರರಲ್ಲಿ 10 ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಾಗಿತ್ತು.

ಹಾಗಾಗಿ ಮೊದಲ ಎರಡು ವಾರ ಬರೀ ನಡೆಯಿರಿ. ಜೊತೆಗೆ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. ಆಮೇಲೆ ದಿನ ಬಿಟ್ಟು ದಿನ ಐದು ನಿಮಿಷ ಓಡಿ, ಅದೂ ಓಟದ ಶುರುವಿನಲ್ಲಿ, ಕಾಲು ದಣಿಯುವ ಮುಂಚೆ. ಉಳಿದದ್ದು ಹಳೆ ಶೂನಲ್ಲಿ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ತುದಿಗಾಲಲ್ಲೇ ಓಡುವ ಹಟ ಬೇಡ, ಹಿಮ್ಮಡಿ ನೆಲ ಮುಟ್ಟಲಿ ಬಿಡಿ. ಹೆಜ್ಜೆ ಟಪ್ ಟಪ್ ಅಂದರೆ ಎಲ್ಲೋ ಜೋರಾಗಿ ಬಡಿಯುತ್ತಿದ್ದೀರಿ ಅಂತ ಅರ್ಥ.

ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದ ಅಂತ ಹುರಿದುಂಬಿಸುವವರು ಸಿಗುತ್ತಾರೆ. ನಿಜ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಶೂ ಹಾಕಿಕೊಂಡೇ ಗೆದ್ದ, ಅದನ್ನೂ ಹೇಳಬೇಕು ಅಲ್ವಾ? ನಾನಂತೂ ಉದ್ದದ ಓಟಕ್ಕೆ ಈಗಲೂ ಕುಶನ್ ಇರುವ ಶೂನೇ ಹಾಕುತ್ತೇನೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಈ ಶೂಗಳ ತಂಟೆಗೇ ಹೋಗಬೇಡಿ. ಉಳಿದವರು ಓಡಿದ ಮರುದಿನ ಪಾದದ ಮೇಲ್ಭಾಗವನ್ನು ಬೆರಳಿಂದ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.