ಅಟ್ಟದಲ್ಲಿ ಸಿಕ್ಕ ಚೀನೀ ಡಬ್ಬಿ ಕುಂಕುಮದ್ದೇನಾ? ಹೀಗೆ ನೋಡಿ

ಉಡುಪಿ ಕಡೆಯ ಹಳೇ ಮನೆಯ ಅಟ್ಟ ಗುಡಿಸುವಾಗ, ಉಪ್ಪಿನಕಾಯಿ ಭರಣಿಗಳ ನಡುವೆ ಅಂಗೈಯಷ್ಟೇ ಅಗಲದ, ಮುಚ್ಚಳವಿರುವ ಚಪ್ಪಟೆ ಪಿಂಗಾಣಿ ಡಬ್ಬಿ ಸಿಕ್ಕಿತು ಅಂದುಕೊಳ್ಳಿ. ಒಳಗೆ ಕೆಂಪು ಅಂಟಿದೆ ಅಂತ ದೇವರ ಕೋಣೆಗೆ ಇಡಬೇಡಿ. ಚೀನಾದ ವಿದ್ವಾಂಸರು ಮೊಹರು ಒತ್ತುವ ಲೇಪ ಇಡುತ್ತಿದ್ದ ಡಬ್ಬಿಯೂ ಹೀಗೇ ಇರುತ್ತದೆ. ಆ ಲೇಪದಲ್ಲಿ ಹರಳೆಣ್ಣೆ, ನಾರು, ಜೊತೆಗೆ ಪಾದರಸ ಸೇರಿದ ಕೆಂಪು ಖನಿಜದ ಪುಡಿ ಇರುತ್ತದೆ. ಹಣೆಗೆ ಹಚ್ಚಲೇಬೇಡಿ, ಕೆರೆಯಲೂ ಬೇಡಿ.

ವಯಸ್ಸು ಆಮೇಲೆ, ಮೊದಲು ವಸ್ತುವಿನ ಕೆಲಸ ಏನು ಅಂತ ನೋಡಿ. ನಮ್ಮವರು ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಗೀರಿ ಮಸಿ ಸವರುತ್ತಿದ್ದರು, ಬರೆಯುವಾಗ ನೀರು ಬೇಕಿರಲಿಲ್ಲ. ಅಲ್ಲಿ ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು, ಹಾಗಾಗಿ ಮೇಜಿನ ಮೇಲೆ ನೀರಿನ ಪುಟ್ಟ ಪಾತ್ರೆಗಳೇ ಜಾಸ್ತಿ. ಪುಟ್ಟ ಗೊಂಬೆಯಂಥದ್ದಕ್ಕೆ ಎರಡು ತೂತಿದ್ದರೆ ನೀರು ತುಂಬಿ ಒಂದನ್ನು ಬೆರಳಿಂದ ಮುಚ್ಚಿ ಬಗ್ಗಿಸಿ, ಬೆರಳು ತೆಗೆದಾಗ ಮಾತ್ರ ಹನಿ ಬಿದ್ದರೆ ಅದು ನೀರು ಹನಿಸುವ ಪಾತ್ರೆ. ಐದು ಗುಡ್ಡಗಳ ಸಾಲಿನಂತಿದ್ದರೆ ಕುಂಚ ಒರಗಿಸುವ ಪೀಠ.

ಈಗ ತಿರುವಿ ಹಾಕಿ. ತಳದಲ್ಲಿ ಬರೆದ ಚಕ್ರವರ್ತಿಯ ಹೆಸರು ನೋಡಿ, ಅವನ ಕಾಲದ್ದೇ ಅಂತ ಖುಷಿಪಡಬೇಡಿ. ಚೀನಾದ ಕಾಂಗ್‌ಶಿ ಚಕ್ರವರ್ತಿಯ ಕಾಲ 1662ರಿಂದ 1722, ಆದರೆ ಅವನ ಹೆಸರನ್ನು 19ನೇ ಶತಮಾನದ ಕುಶಲಕರ್ಮಿಗಳೂ ಧಾರಾಳವಾಗಿ ಬರೆದಿದ್ದಾರೆ. ಅವನ ಕಾಲದಲ್ಲೇ, 1677ರಲ್ಲಿ, ಪಿಂಗಾಣಿಗೆ ಹೆಸರಾದ ಚೀನಾದ ಊರು ಜಿಂಗ್‌ಡೆಜೆನ್‌ನಲ್ಲಿ ಆ ಹೆಸರು ಬರೆಯುವುದನ್ನೇ ನಿಷೇಧಿಸಿದ್ದರು. ಹಾಗಾಗಿ ಹೆಸರಿಗಿಂತ ಗಾಜಿನ ಲೇಪ ಇಲ್ಲದ ತಳದ ಉಂಗುರ ನನಗೆ ಮುಖ್ಯ. ಕೈಯಾಡಿಸಿ ನೋಡಿ, ನಿಜವಾದ ಸವೆತ ಕಡೆಕಡೆ ಬೇರೆಬೇರೆ ಇರುತ್ತದೆ, ಸುಮ್ನೆ ಉಜ್ಜಿ ಮಾಡಿದ್ದು ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ, ಅಲ್ವಾ? ಅಂಟಿಸಿದ್ದೋ ಬಣ್ಣ ಮುಚ್ಚಿದ್ದೋ ಅಂತ ಅನುಮಾನ ಬಂದರೆ, ನೋಟು ನೋಡುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಿಡಿಯಿರಿ, ಆ ಜಾಗ ಹೆಚ್ಚಾಗಿ ಬೇರೆಯಾಗಿ ಹೊಳೆಯುತ್ತದೆ.

ಕಾನೂನು ಒಂದು ಮಾತು: ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ವಿದೇಶಕ್ಕೆ ಕಳಿಸುವ ಹಾಗಿಲ್ಲ.

ತೊಳೆಯುವಾಗ ಪ್ಲಾಸ್ಟಿಕ್ ಟಬ್ಬಿಗೆ ದಪ್ಪ ಟವಲ್ ಹಾಸಿ, ಉಗುರು ಬೆಚ್ಚಗಿನ ನೀರು ಸಾಕು. ಅಂಟಿಸಿದ್ದನ್ನು ನೆನೆಸಬೇಡಿ, ಚಿನ್ನದ ಗೆರೆ ಇದ್ದರೆ ಉಜ್ಜಬೇಡಿ. ನಮ್ಮ ಮಳೆಗಾಲದಲ್ಲಿ ಸೀಳು ಬಿಟ್ಟ ಗಾಜಿನ ಲೇಪದೊಳಗೆ ತೇವ ಉಳಿದು ಕಲೆಯಾಗುತ್ತದೆ, ಆದ್ದರಿಂದ ಮುಚ್ಚಳ ತೆಗೆದೇ ಎರಡು ದಿನ ಫ್ಯಾನಿನ ಗಾಳಿಗೆ ಇಟ್ಟು ಆಮೇಲೆ ಕಪಾಟಿಗೆ ಸೇರಿಸಿ.