ಮನೆಯ ನೆಟ್‌ವರ್ಕ್ ಭಾಗ ಮಾಡ್ತೀರಾ? ಸ್ವಿಚ್ ಕೊಳ್ಳುವ ಮೊದಲು ಇಷ್ಟು ನೋಡಿ

ಮನೆಯಲ್ಲಿ ಇರೋದು ಒಂದೇ ವೈಫೈ. ಲ್ಯಾಪ್‌ಟಾಪ್, ಫೋನು, ಟಿವಿ, ಬಾಗಿಲ ಮೇಲಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬು, ನಿನ್ನೆ ಬಂದ ನೆಂಟರ ಫೋನು ಎಲ್ಲವೂ ಅದಕ್ಕೇ ಸೇರಿಕೊಂಡಿವೆ. ನೀವು ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪೂ, ವರ್ಷಗಳಿಂದ ಒಂದು ಅಪ್‌ಡೇಟ್ ಕೂಡ ಕಾಣದ ಕ್ಯಾಮೆರಾವೂ ಒಂದೇ ಕೋಣೆಯಲ್ಲಿ ಕೂತ ಹಾಗೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳಿಗೆ ಹೊಕ್ಕಿತು. ಅದು ಬಳಸಿದ್ದು ದೊಡ್ಡ ತಂತ್ರವನ್ನೇನಲ್ಲ. ಕಾರ್ಖಾನೆಯಲ್ಲೇ ಹಾಕಿ ಕಳಿಸಿದ, ಕೊಂಡವರು ಯಾರೂ ಬದಲಿಸದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ.

ಹಾಗಾಗಿ ನೆಟ್‌ವರ್ಕನ್ನು ಭಾಗ ಮಾಡಿಟ್ಟರೆ ಒಳ್ಳೆಯದು. ಹೀಗೆ ಒಂದೇ ಜಾಲದೊಳಗೆ ಮಾಡುವ ಪ್ರತ್ಯೇಕ ಭಾಗಕ್ಕೆ ವಿಲ್ಯಾನ್ ಅಂತಾರೆ. ಇದಕ್ಕೆ ಬೇಕಾದದ್ದು ವಿಲ್ಯಾನ್ ಮಾಡಲು ಬರುವ ಒಂದು ಮ್ಯಾನೇಜ್ಡ್ ಸ್ವಿಚ್, ಅಂದರೆ ಸಾಧನಗಳ ಕೇಬಲ್ಲುಗಳನ್ನು ಜೋಡಿಸುವ, ಸೆಟ್ಟಿಂಗ್ಸ್ ಬದಲಿಸಬಹುದಾದ ಡಬ್ಬಿ. ಮನೆಗೆ ದುಬಾರಿಯದ್ದು ಬೇಕಾಗಿಲ್ಲ, ಆದರೆ ಅಗ್ಗದ್ದನ್ನು ಆರಿಸುವಾಗ ಕಣ್ಣು ಚುರುಕಾಗಿರಬೇಕು.

ಮೊದಲು ರೂಟರ್ ನೋಡಿ

ಸ್ವಿಚ್ಚಿಗಿಂತ ಮೊದಲು ನೋಡಬೇಕಾದದ್ದು ರೂಟರನ್ನು. ಸುಮಾರು ಜನ ಎಡವುವುದು ಇಲ್ಲೇ. ಅಗ್ಗದ ಮ್ಯಾನೇಜ್ಡ್ ಸ್ವಿಚ್ಚುಗಳು ಹೆಚ್ಚಾಗಿ ಲೇಯರ್ 2 ಸ್ವಿಚ್ಚುಗಳು, ಅಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಮಾತು ದಾಟಿಸಲು ಬರದವು. ಅವು ಗೋಡೆ ಕಟ್ಟುತ್ತವೆ, ಬಾಗಿಲು ಇಡುವುದು ರೂಟರ್. ಯಾವ ಭಾಗಕ್ಕೆ ಯಾವ ಐಪಿ ವಿಳಾಸ ಕೊಡಬೇಕು, ಯಾರು ಯಾರ ಹತ್ತಿರ ಹೋಗಬಹುದು ಅನ್ನೋದೆಲ್ಲ ಅದರ ಕೈಯಲ್ಲೇ ಇರುತ್ತದೆ. ಇಂಟರ್ನೆಟ್ ಕಂಪನಿಯವರು ಕೊಟ್ಟು ಹೋಗುವ ಡಬ್ಬಿಗಳಲ್ಲಿ ಎಷ್ಟೋ ಸಲ ಮನೆಯೊಳಗಿನ ಜಾಲಕ್ಕೆ ವಿಲ್ಯಾನ್ ಮಾಡುವ ದಾರಿಯೇ ಇರುವುದಿಲ್ಲ. ರೂಟರಿನ ಸೆಟ್ಟಿಂಗ್ಸ್ ತೆರೆದು ಹುಡುಕಿ. ಸಿಗಲಿಲ್ಲವಾದರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ರೂಟರ್ ತಗೊಳ್ಳಿ, ಇಲ್ಲವೇ ಒಂದು ಹಳೆ ಕಂಪ್ಯೂಟರಿನಲ್ಲಿ ಅದನ್ನೇ ರೂಟರ್ ಮಾಡುವ ಓಪಿಎನ್‌ಸೆನ್ಸ್ ಹಾಕಿ. ಇದು ಬಗೆಹರಿಯುವ ತನಕ ಸ್ವಿಚ್ ಕೊಳ್ಳಬೇಡಿ.

ಆಮೇಲೆ ಒಂದು ಹಾಳೆ ತಗೊಂಡು ಚಿತ್ರ ಬರೆಯಿರಿ. ಹೆಚ್ಚಿನ ಮನೆಗಳಿಗೆ ಮೂರು ನಾಲ್ಕು ಭಾಗ ಸಾಕು: ನಂಬಿಕೆಯ ಸಾಧನಗಳಿಗೆ 10, ಟಿವಿ-ಬಲ್ಬುಗಳಿಗೆ 20, ಅತಿಥಿಗಳಿಗೆ 30, ಕ್ಯಾಮೆರಾಗಳಿಗೆ 40. ಇವು ವಿಲ್ಯಾನ್ ನಂಬರುಗಳು, 1ರಿಂದ 4094ರವರೆಗೆ ಯಾವುದಾದರೂ ಆಗಬಹುದು. ಐಪಿ ವಿಳಾಸದಲ್ಲೂ ಅದೇ ನಂಬರು ಬರುವ ಹಾಗೆ ನೋಡಿಕೊಳ್ಳಿ, ಉದಾಹರಣೆಗೆ 192.168.20 ಅಂತ ಶುರುವಾದರೆ ಅದು ಟಿವಿಗಳ ಭಾಗ. ಆರು ತಿಂಗಳು ಬಿಟ್ಟು ನೋಡಿದರೂ ಥಟ್ಟನೆ ಗೊತ್ತಾಗುತ್ತದೆ.

ಈಗ ಪೋರ್ಟ್ ಎಣಿಸಿ. ರೂಟರಿಗೆ ಒಂದು, ವೈಫೈ ಹರಡುವ ಡಬ್ಬಿಗೆ (ಆಕ್ಸೆಸ್ ಪಾಯಿಂಟ್) ಒಂದು, ಸೆಟ್ಟಿಂಗ್ಸ್ ಬದಲಿಸಲು ನಿಮಗೇ ಅಂತ ಒಂದು. ಐದು ಪೋರ್ಟಿನ ಸ್ವಿಚ್ಚಾದರೆ ಅಲ್ಲಿಗೆ ಉಳಿದದ್ದು ಎರಡೇ. ಅದಕ್ಕೇ ನಾನು ಹೇಳುವುದು, ಎಂಟು ಪೋರ್ಟಿನದನ್ನೇ ತಗೊಳ್ಳಿ.

ಹೆಸರಿನ ಕೊನೆಯ ಅಕ್ಷರ

ಟಿಪಿ-ಲಿಂಕ್‌ನ ಟಿಎಲ್-ಎಸ್‌ಜಿ108 ಸಾಮಾನ್ಯ ಸ್ವಿಚ್. ಟಿಎಲ್-ಎಸ್‌ಜಿ108ಇ ಅಂದರೆ ವಿಲ್ಯಾನ್ ಇರುವ ಸ್ವಿಚ್. ನೆಟ್‌ಗಿಯರ್‌ನಲ್ಲೂ ಹೀಗೇ, ಜಿಎಸ್308 ಬೇರೆ, ಜಿಎಸ್308ಇ ಬೇರೆ. ನೋಡಲು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ವ್ಯತ್ಯಾಸ ಆ ಒಂದು ಅಕ್ಷರ. ಆರ್ಡರ್ ಮಾಡುವ ಮೊದಲು ಇನ್ನೊಂದು ಸಲ ಓದಿ.

ವಿವರಗಳ ಪಟ್ಟಿಯಲ್ಲಿ 802.1ಕ್ಯೂ ಅಂತ ಇರಲೇಬೇಕು. ಬರೀ ಪೋರ್ಟ್ ಆಧಾರಿತ ವಿಲ್ಯಾನ್ ಅಂತಿದ್ದರೆ ಬಿಟ್ಟುಬಿಡಿ, ಆ ವಿಂಗಡಣೆ ಆ ಸ್ವಿಚ್ಚಿನ ಒಳಗೆ ಮಾತ್ರ. 802.1ಕ್ಯೂ ಪ್ರತಿ ಫ್ರೇಮಿಗೂ, ಅಂದರೆ ಕೇಬಲ್ಲಿನಲ್ಲಿ ಹೋಗುವ ಮಾಹಿತಿಯ ಪ್ರತಿ ತುಂಡಿಗೂ, ನಾಲ್ಕು ಬೈಟಿನ ಒಂದು ಚೀಟಿ ಅಂಟಿಸುತ್ತದೆ. ಯಾವ ಭಾಗದ್ದು ಅನ್ನುವ ನಂಬರು ಆ ಚೀಟಿಯಲ್ಲಿರುತ್ತದೆ. ಅದರಿಂದಲೇ ರೂಟರಿಗೆ ಹೋಗುವ ಒಂದೇ ಕೇಬಲ್ಲಿನಲ್ಲಿ ನಾಲ್ಕೂ ಭಾಗಗಳ ಮಾತು ಕಲಸಿಹೋಗದೆ ಓಡಾಡುತ್ತದೆ, ಒಂದೇ ಆಕ್ಸೆಸ್ ಪಾಯಿಂಟಿನಿಂದ ಮನೆಯವರಿಗೊಂದು ಅತಿಥಿಗಳಿಗೊಂದು ವೈಫೈ ಹೆಸರು ಕೊಡಲು ಆಗುತ್ತದೆ. ಆಕ್ಸೆಸ್ ಪಾಯಿಂಟಿಗೂ ಈ ಚೀಟಿ ಅರ್ಥವಾಗಬೇಕು, ಅದನ್ನೂ ನೋಡಿಕೊಳ್ಳಿ.

ಸ್ವಿಚ್ಚಿನ ಸೆಟ್ಟಿಂಗ್ಸ್ ಪುಟ ಯಾರಿಗೆ ತೆರೆಯುತ್ತದೆ?

ಕೊಳ್ಳುವವರು ತುಂಬಾ ಕಡಿಮೆ ಕೇಳುವ ಪ್ರಶ್ನೆ ಇದು, ಮುಖ್ಯವಾದದ್ದೂ ಇದೇ. ಕೆಲವು ಅಗ್ಗದ ಸ್ವಿಚ್ಚುಗಳಲ್ಲಿ ಸೆಟ್ಟಿಂಗ್ಸ್ ಪುಟವನ್ನು ಯಾವುದೋ ಒಂದು ವಿಲ್ಯಾನಿಗೆ ಮಾತ್ರ ಸೀಮಿತ ಮಾಡಲು ಬರುವುದಿಲ್ಲ. ಕ್ಯಾಮೆರಾಗಳ ಭಾಗದಲ್ಲಿ ಕೂತ ಒಂದು ಹಾಳಾದ ಸಾಧನ ಕೂಡ ಆ ಪುಟದ ಬಾಗಿಲು ತಟ್ಟಬಹುದು. ಅಷ್ಟೆಲ್ಲ ಕಷ್ಟಪಟ್ಟು ಗೋಡೆ ಕಟ್ಟಿ, ಇಟ್ಟಿಗೆ ಕೀಳುವ ಸಲಾಕೆಯನ್ನು ಗೋಡೆಯ ಆಚೆಗೇ ಬಿಟ್ಟ ಹಾಗಾಯ್ತು, ಅಲ್ವಾ? ಹಾಗಾಗಿ ಕೊಳ್ಳುವ ಮೊದಲೇ ಕೈಪಿಡಿ ಡೌನ್‌ಲೋಡ್ ಮಾಡಿಕೊಂಡು ಮ್ಯಾನೇಜ್‌ಮೆಂಟ್ ವಿಲ್ಯಾನ್ ಅನ್ನುವ ಪದ ಹುಡುಕಿ. ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಸ್ವಲ್ಪ ಹಣ ಜಾಸ್ತಿಯಾದರೂ ಇದಕ್ಕೆ ಕೊಡಬಹುದು.

ಕೈಪಿಡಿ ತೆರೆದಿರುವಾಗಲೇ ಇನ್ನೆರಡು ನೋಡಿ. ಸೆಟ್ಟಿಂಗ್ಸ್ ಬ್ರೌಸರಿನಲ್ಲೇ ತೆರೆಯುತ್ತದಾ, ಅಥವಾ ಅದಕ್ಕೇ ಅಂತ ಒಂದು ಸಾಫ್ಟ್‌ವೇರ್ ಹಾಕಬೇಕಾ? ಬ್ರೌಸರ್ ಇದ್ದರೆ ಒಳ್ಳೆಯದು. ಕಂಪನಿಯ ಸೈಟಿನಲ್ಲಿ ಕೊನೆಯ ಫರ್ಮ್‌ವೇರ್ (ಸ್ವಿಚ್ಚಿನೊಳಗಿನ ಸಾಫ್ಟ್‌ವೇರ್) ಬಂದದ್ದು ಯಾವಾಗ? ತುಂಬಾ ಹಳೆಯದಾಗಿದ್ದರೆ ಬೇರೆ ಮಾಡೆಲ್ ನೋಡಿ.

ಕ್ಯಾಮೆರಾ, ಆಕ್ಸೆಸ್ ಪಾಯಿಂಟ್‌ಗಳಿಗೆ ಕೇಬಲ್ಲಿನಿಂದಲೇ ಕರೆಂಟ್ ಬೇಕಿದ್ದರೆ ಪಿಓಇ ಇರುವುದನ್ನು ತಗೊಳ್ಳಿ. ಅದರಲ್ಲಿ 802.3ಎಎಫ್ ಅನ್ನುವ ಬಗೆ ಪೋರ್ಟಿಗೆ 15.4 ವ್ಯಾಟ್, 802.3ಎಟಿ 30 ವ್ಯಾಟ್ ತನಕ ಕೊಡುತ್ತದೆ. ಅದರ ಜೊತೆಗೆ ಒಟ್ಟು ಎಷ್ಟು ವ್ಯಾಟ್ ಅನ್ನೋದನ್ನೂ ಓದಿ. ಪೋರ್ಟಿಗೆ 30 ಅಂತಿದ್ದು ಒಟ್ಟು 60 ಆಗಿದ್ದರೆ, ಪೂರ್ತಿ ಕರೆಂಟ್ ಎಳೆಯುವ ಎರಡು ಸಾಧನಕ್ಕೇ ಅದು ಮುಗಿದುಹೋಗುತ್ತದೆ. ಫ್ಯಾನ್ ಇಲ್ಲದ್ದೇ ಇರಲಿ. ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ದೊಡ್ಡ ಸ್ವಿಚ್ಚುಗಳು ಆಸೆ ಹುಟ್ಟಿಸುತ್ತವೆ ನಿಜ, ಆದರೆ ಅವುಗಳ ಫ್ಯಾನಿನ ಸದ್ದಿನಲ್ಲಿ ಮಲಗುವುದು ಕಷ್ಟ. ಕರೆಂಟೂ ಜಾಸ್ತಿ.

ಜೋಡಿಸುವಾಗ

ಒಂದೊಂದು ಪೋರ್ಟಿಗೂ ಎರಡು ವಿಷಯ ಹೇಳಬೇಕು. ಅದು ಯಾವ ಯಾವ ವಿಲ್ಯಾನಿನ ಸದಸ್ಯ ಅನ್ನೋದು ಒಂದು. ಚೀಟಿ ಇಲ್ಲದೆ ಒಳಗೆ ಬಂದದ್ದನ್ನು ಯಾವ ವಿಲ್ಯಾನಿಗೆ ಸೇರಿಸಬೇಕು ಅನ್ನೋದು ಇನ್ನೊಂದು, ಅದಕ್ಕೆ ಪಿವಿಐಡಿ ಅಂತಾರೆ. ಹಲವು ಅಗ್ಗದ ಸ್ವಿಚ್ಚುಗಳಲ್ಲಿ ಇವೆರಡೂ ಬೇರೆ ಬೇರೆ ಪುಟದಲ್ಲಿರುತ್ತವೆ. ಟಿವಿಯ ಪೋರ್ಟನ್ನು 20ಕ್ಕೆ ಸೇರಿಸಿ ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ, ಟಿವಿ ಕಳಿಸಿದ್ದು ಒಂದು ಕಡೆ ಹೋಗುತ್ತದೆ, ಉತ್ತರ ಬರಬೇಕಾದದ್ದು ಇನ್ನೊಂದು ಕಡೆಯಿಂದ.

ನಾನು ಮೊದಲ ಸಲ ಮಾಡುವಾಗ ಲ್ಯಾಪ್‌ಟಾಪ್ ಚುಚ್ಚಿದ್ದ ಪೋರ್ಟಿನ ಪಿವಿಐಡಿಯನ್ನೇ ಬದಲಿಸಿಬಿಟ್ಟೆ. ಒತ್ತಿದ ತಕ್ಷಣ ಪುಟ ನಿಂತುಹೋಯಿತು. ಪಿನ್ನಿನಿಂದ ರೀಸೆಟ್ ಒತ್ತಿ, ಒಂದು ಗಂಟೆಯ ಕೆಲಸವನ್ನು ಮೊದಲಿಂದ ಮಾಡಬೇಕಾಯ್ತು. ಅವತ್ತಿನಿಂದ ಎಂಟನೇ ಪೋರ್ಟನ್ನು ಮುಟ್ಟುವುದಿಲ್ಲ, ಲ್ಯಾಪ್‌ಟಾಪ್ ಅದರಲ್ಲೇ ಇರುತ್ತದೆ. ಇನ್ನೊಂದು ಮಾತು: ಕೆಲವು ಸ್ವಿಚ್ಚುಗಳಲ್ಲಿ ಬೇರೆಯಾಗಿ ಸೇವ್ ಒತ್ತದಿದ್ದರೆ ಕರೆಂಟ್ ಹೋದಾಗ ಎಲ್ಲವೂ ಅಳಿಸಿಹೋಗುತ್ತದೆ. ಸೇವ್ ಮಾಡಿ, ಬ್ಯಾಕಪ್ ಫೈಲ್ ಕೂಡ ಇಳಿಸಿಟ್ಟುಕೊಳ್ಳಿ.

ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವುದೆಲ್ಲ ರೂಟರ್ ಸುತ್ತಿಕೊಂಡೇ ಹೋಗಬೇಕು. ಅದಕ್ಕೇ ದೊಡ್ಡ ಫೈಲುಗಳನ್ನು ಇಡುವ ನ್ಯಾಸ್ ಮತ್ತು ನಿಮ್ಮ ಕಂಪ್ಯೂಟರ್ ಒಂದೇ ವಿಲ್ಯಾನಿನಲ್ಲಿದ್ದರೆ ವೇಗ ಉಳಿಯುತ್ತದೆ. ಫೋನಿನಿಂದ ಟಿವಿಗೆ ವಿಡಿಯೋ ಕಳಿಸುವುದು ನಿಂತುಹೋದರೆ ಗಾಬರಿಯಾಗಬೇಡಿ. ಸಾಧನಗಳು ಒಂದನ್ನೊಂದು ಹುಡುಕಲು ಬಳಸುವ ಎಂಡಿಎನ್‌ಎಸ್ ಸಂದೇಶ ತನ್ನ ಭಾಗ ದಾಟುವುದಿಲ್ಲ. ರೂಟರಿನಲ್ಲಿ ಎಂಡಿಎನ್‌ಎಸ್ ರಿಪೀಟರ್ ಅಥವಾ ರಿಫ್ಲೆಕ್ಟರ್ ಅಂತ ಇರುತ್ತದೆ, ಅದನ್ನು ಆನ್ ಮಾಡಿ, ಯಾರು ಎಲ್ಲಿಗೆ ಹೋಗಬಹುದು ಎಂದು ತಡೆಯುವ-ಬಿಡುವ ರೂಟರಿನ ಫೈರ್‌ವಾಲಿನಲ್ಲಿ ಫೋನಿನಿಂದ ಟಿವಿಯ ಕಡೆಗೆ ದಾರಿ ಬಿಡಿ.

ಎಲ್ಲ ಆದ ಮೇಲೆ ಫೋನನ್ನು ಅತಿಥಿ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ ಸ್ವಿಚ್ಚಿನ ಐಪಿ ವಿಳಾಸ ಬರೆಯಿರಿ. ಆಮೇಲೆ ರೂಟರಿನದ್ದು, ನ್ಯಾಸಿನದ್ದು. ಯಾವುದಾದರೂ ಒಂದರ ಲಾಗಿನ್ ಪುಟ ತೆರೆದುಕೊಂಡರೆ ರೂಟರಿನ ಫೈರ್‌ವಾಲ್ ನಿಯಮಗಳಿಗೆ ವಾಪಸ್ ಹೋಗಿ, ಕೆಲಸ ಇನ್ನೂ ಬಾಕಿ ಇದೆ.